ಅಕ್ಕನ ಮನೆಯ ವಾದ



2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದಾಗ ಧರ್ಮಾಂಧತೆಯನ್ನು ಬೈದವರಲ್ಲಿ ನಾನೂ ಒಬ್ಬ. ದೇವರಿಲ್ಲ ಎನ್ನುವವನಿಗೂ ಅಂಥದೇ ಹಠ ಇರಬಹುದೆಂದು ಆಗ ಹೊಳೆದಿರಲಿಲ್ಲ.

ಹಳಿಯಾಳದ ನಮ್ಮ ಅಕ್ಕನ ಮನೆಯಲ್ಲಿ ಸವದತ್ತಿ ಎಲ್ಲಮ್ಮನ ಫೋಟೋ ಇದೆ. ದೀಕ್ಷೆ ಪಡೆದ ಹೊಸತರಲ್ಲಿ ಅದನ್ನು ಕಂಡು, “ನಾಚಿಕೆ ಆಗಲ್ವಾ ನಿಂಗ?” ಎಂದು ಮಕ್ಕಳೆದುರೇ ಕೂಗಾಡಿದೆ. “ಮೊದಲ ಕುಂದ್ರು ತಮ್ಮಾ, ಉಣ್ಣು. ಆಮ್ಯಾಲ ಮಾತಾಡು” ಎಂದಳು. ನಾನು ಉಣ್ಣದೆ ದಾಂಡೇಲಿ ಬಸ್ಸು ಹತ್ತಿದೆ.

ಮುಂದೊಮ್ಮೆ ಮುಂಡಗೋಡದ ಡ್ರೆಪುಂಗ್ ವಿಹಾರದಲ್ಲಿ ಭಿಕ್ಷುಗಳ ವಾದ ನೋಡಿದೆ. ಪ್ರಶ್ನೆ ಕೇಳುವವ ನಿಂತು ಚಪ್ಪಾಳೆ ತಟ್ಟುತ್ತಾನೆ, ಕಾಲು ಅಪ್ಪಳಿಸುತ್ತಾನೆ. ಉತ್ತರಿಸುವವ ನೆಲದ ಮೇಲೆ ಕೂತಿರುತ್ತಾನೆ. ಹೊರಗಿನವರಿಗೆ ಜಗಳವೇ! ಆದರೆ ನಿಂತವನು ಕೂತವನ ಉತ್ತರಕ್ಕೆ ಕಾಯಬೇಕು. ಅದನ್ನು ಹಿಡಿದೇ ಮುಂದಿನ ಪ್ರಶ್ನೆ. ನಾನು ಅಕ್ಕನಿಗೆ ಕಾದಿರಲಿಲ್ಲ.

ಯಾರಾದರೂ ನನ್ನನ್ನು, ಧಮ್ಮವನ್ನು, ಸಂಘವನ್ನು ನಿಂದಿಸಿದರೂ ಸಿಟ್ಟಾಗಬೇಡಿ, ಸಿಟ್ಟಾದರೆ ಅವರ ಮಾತು ಸರಿಯೋ ತಪ್ಪೋ ನಿಮಗೆ ತಿಳಿಯದು ಎಂಬುದು ಬ್ರಹ್ಮಜಾಲ ಸುತ್ತದಲ್ಲಿ ಬುದ್ಧರ ಮಾತಿನ ಸಾರ. ಅಕ್ಕ ನಿಂದಿಸಿಯೂ ಇರಲಿಲ್ಲ.

1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳನ್ನು ಮತ್ತೆ ಓದಿದೆ. ಎಲ್ಲವೂ ‘ನಾನು’ ಎಂದೇ ಇವೆ. ಅವನ್ನು ನಾನು ಸಡಿಲ ಮಾಡಿಕೊಂಡಿಲ್ಲ. ಎಲ್ಲಮ್ಮನ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದನ್ನು ಮರೆಯಲಾರೆ. ಅದನ್ನೇ ಅಕ್ಕನಿಗೆ ಹೇಳಬೇಕಿತ್ತು. ನಾನು ಹೇಳಿದ್ದು ನಾಚಿಕೆಯ ಮಾತು.

ಈ ಭಾನುವಾರ ಹಳಿಯಾಳಕ್ಕೆ ಹೋಗುತ್ತಿದ್ದೇನೆ. ಊಟಕ್ಕೇ ಬರುತ್ತೇನೆಂದು ಫೋನ್ ಮಾಡಿದ್ದೇನೆ.

ಜೈಭೀಮ್.