ದುಂಡು ಪೆಟ್ಟಿಗೆಯ ಒಳಅಳತೆ

ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯ ಗೊಮ್ಮಟಗಿರಿಯಲ್ಲಿ, ಬೋಳು ಬಂಡೆಯ ನೆತ್ತಿಯ ಮೇಲೆ, ಸುಮಾರು 18 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಮೈಮೇಲೆ ಎಳೆ ಬಟ್ಟೆಯಿಲ್ಲ, ಗುಲಗಂಜಿ ತೂಕದ ಒಡವೆಯಿಲ್ಲ. ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟು ಹೊರಟವನು. ಅದೇ ತಾಲ್ಲೂಕಿನ ಹುಣಸೂರು ಪಟ್ಟಣದಲ್ಲಿ ಮರ ಕೊಯ್ಯುವ ಮಿಲ್ಲುಗಳಿವೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಮದುವೆ ಗೊತ್ತಾದ ಮನೆಗಳಲ್ಲಿ ಒಡವೆಯ ಮಾತು ಮೊದಲು, ಅದನ್ನಿಡುವ ಪೆಟ್ಟಿಗೆಯ ಮಾತು ಆಮೇಲೆ. ಹೀಗಿರುವಾಗ ಚಿನ್ನ ಇಡಲೆಂದು ಚೆಂದದ ದುಂಡು ಮರದ ಪೆಟ್ಟಿಗೆ ಮಾಡಿಸುವುದು ಆ ಬಂಡೆಯ ಮೇಲೆ ನಿಂತವನ ಧರ್ಮಕ್ಕೆ ವಿರುದ್ಧವಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ವಿರುದ್ಧವಲ್ಲ ಎನ್ನುವುದು ನನ್ನ ವಾದ. ಲೆಕ್ಕವಿಟ್ಟು ಮಾಡಿದ ದುಂಡು ಪೆಟ್ಟಿಗೆ ಗೃಹಸ್ಥರ ಅಪರಿಗ್ರಹಕ್ಕೆ, ಅಂದರೆ ಅಳತೆ ಮೀರಿ ಕೂಡಿಡದಿರುವುದಕ್ಕೆ, ಒಂದು ಸಾಧನವೇ ಆಗಬಲ್ಲದು.

ಜೈನಧರ್ಮ ಮುನಿಗೆ ಮಹಾವ್ರತವನ್ನೂ ಗೃಹಸ್ಥನಿಗೆ ಅಣುವ್ರತವನ್ನೂ ಹೇಳಿತು. ಗೃಹಸ್ಥ ಎಲ್ಲವನ್ನೂ ಬಿಡಬೇಕಿಲ್ಲ. ನನಗೆ ಇಷ್ಟು ಸಾಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪರಿಗ್ರಹ ಪರಿಮಾಣವೆಂದರೆ ಇದೇ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಬರುವ ದೋಷಗಳನ್ನು ಎಣಿಸುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯಗಳನ್ನು ಹೆಸರು ಹಿಡಿದೇ ಹೇಳುತ್ತದೆ. ಆದರೆ ಅದು ದೋಷವೆಂದದ್ದು ಇವನ್ನು ಇಟ್ಟುಕೊಳ್ಳುವುದನ್ನಲ್ಲ, ಗೊತ್ತುಮಾಡಿದ ಅಳತೆ ಮೀರುವುದನ್ನು. ಶರಣರ ದಾರಿ ಬೇರೆಯಾದರೂ ಈ ವಿಷಯದಲ್ಲಿ ಅವರೂ ಇಲ್ಲಿಗೇ ಬಂದರು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಅಲ್ಲೇ ಸುರಿದು ಬಾ ಎಂದು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಲಿಂಗಾಯತರ ಕೊರಳಿನ ಕರಡಿಗೆಯನ್ನೇ ನೋಡಿ: ಒಂದು ಇಷ್ಟಲಿಂಗ ಕೂರುವಷ್ಟೇ ಜಾಗ, ಇನ್ನೊಂದಕ್ಕೆ ಅಲ್ಲಿ ಎಡೆಯಿಲ್ಲ. ದಿಗಂಬರ ಮುನಿಯ ಕೈಯಲ್ಲೂ ಕಮಂಡಲು ಇರುತ್ತದೆ, ಎಷ್ಟೋ ಸಲ ಅದು ಮರದ್ದೇ. ಬಟ್ಟೆಯನ್ನೂ ತೊರೆದವರು ಅಳತೆಯಿರುವ ಒಂದು ದುಂಡು ಪಾತ್ರೆಯನ್ನು ಇಟ್ಟುಕೊಂಡಿದ್ದಾರೆ.

ಒಡವೆ ಇಡಲು ಚೌಕ ಪೆಟ್ಟಿಗೆ ಸಾಲದೇ, ದುಂಡಗೇ ಏಕಿರಬೇಕು ಎಂದರೆ ಬಡಗಿಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ದಿಮ್ಮಿಯೊಂದನ್ನು ಉಳಿಯಿಂದ ತೋಡಿ ದುಂಡು ಮಾಡಬಹುದು. ಆಗ ಮರದ ಬಹುಪಾಲು ಚೆಕ್ಕೆಯಾಗಿ ಹೋಗುತ್ತದೆ. ಇನ್ನೊಂದು ದಾರಿ ಸಣ್ಣ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ಸುತ್ತು ಕೂಡಿಸುವುದು. 16 ಪಟ್ಟಿ ಎಂದಿಟ್ಟುಕೊಳ್ಳಿ. ಪ್ರತಿ ಪಟ್ಟಿಯ ಎರಡೂ ಅಂಚನ್ನು 11.25 ಡಿಗ್ರಿ ಓರೆಗೆ ಕೀಸಬೇಕು. ಒಂದೊಂದು ಅಂಚಿನಲ್ಲಿ ಅರ್ಧ ಡಿಗ್ರಿ ತಪ್ಪಿದರೂ 32 ಅಂಚು ಸೇರಿ 16 ಡಿಗ್ರಿ ವ್ಯತ್ಯಾಸವಾಗುತ್ತದೆ, ಕೊನೆಯ ಕೂಡು ಕೂರುವುದೇ ಇಲ್ಲ. ಕೂತ ಮೇಲೆ ಅಂಟು ಹಾಕಿ, ಹಗ್ಗ ಬಿಗಿದು, ಒಣಗಿದ ಬಳಿಕ ಹೊರಮೈಯ ಮೂಲೆಗಳನ್ನು ಕೀಸುಳಿಯಿಂದ ತೆಗೆದು ಉಪ್ಪುಕಾಗದ ಹಿಡಿದರೆ ಬೆರಳಿಗೆ ಪಟ್ಟಿಗಳ ಸಂದು ತಿಳಿಯದು. ನನ್ನ ವಾದಕ್ಕೆ ಬೇಕಾದದ್ದು ಇಲ್ಲಿದೆ. ಚೌಕ ಪೆಟ್ಟಿಗೆಗೆ ನಾಳೆ ಇನ್ನೊಂದು ಖಾನೆ ಜೋಡಿಸಬಹುದು, ಮೇಲೊಂದು ಅಂತಸ್ತು ಏರಿಸಬಹುದು. ಈ ಸುತ್ತಿಗೆ ಹದಿನೇಳನೆಯ ಪಟ್ಟಿ ಸೇರಿಸಬೇಕಾದರೆ ಎಲ್ಲವನ್ನೂ ಬಿಚ್ಚಿ 34 ಅಂಚನ್ನೂ ಹೊಸ ಓರೆಗೆ ಕೀಸಬೇಕು. ಎಷ್ಟು ಸಾಕು ಎನ್ನುವುದನ್ನು ಮೊದಲ ಪಟ್ಟಿ ಕೊಯ್ಯುವ ಮುನ್ನವೇ ತೀರ್ಮಾನಿಸಬೇಕು. ವ್ರತವೂ ಕೇಳುವುದು ಅದನ್ನೇ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೇನಲ್ಲ. ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮನಸ್ಸು ಅಂಟಿಕೊಳ್ಳುವುದು ಎಂದು ಅದೇ ತತ್ತ್ವಾರ್ಥಸೂತ್ರ ಹೇಳುತ್ತದೆ. ಒಳಗಿನ ರೋಗಕ್ಕೆ ಹೊರಗಿನ ಪೆಟ್ಟಿಗೆ ಏನು ಮಾಡೀತು? ನಿಜ, ಮನಸ್ಸನ್ನು ಮರ ತಿದ್ದಲಾರದು. ಆದರೆ ಮೂರ್ಛೆಯ ಮಾತನ್ನಾಡಿದ ಗ್ರಂಥವೇ ಹೊಲ, ಬಂಗಾರಗಳ ಪಟ್ಟಿಯನ್ನೂ ಕೊಟ್ಟಿತು. ಮನಸ್ಸು ತನ್ನ ಬಗ್ಗೆ ತಾನೇ ಹೇಳುವ ಸಾಕ್ಷಿಯನ್ನು ಅದು ಪೂರ್ತಿ ನಂಬಲಿಲ್ಲ. ಹಣವಿದ್ದವರು ಎರಡನೆಯ ಪೆಟ್ಟಿಗೆ ಮಾಡಿಸುತ್ತಾರಲ್ಲ ಎನ್ನಬಹುದು. ಮಾಡಿಸಲಿ, ಆದರೆ ಆಗ ಅಳತೆ ಮೀರಿದ್ದು ಅವರ ಕಣ್ಣೆದುರೇ ಕೂತಿರುತ್ತದೆ. ತಳವಿಲ್ಲದ ಬೀರುವಿನಲ್ಲಾದರೆ ಅದು ಕಾಣುತ್ತಲೂ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಭಾರವಾಗಿ ತೋರುವ ಆಕ್ಷೇಪ ಮರದ್ದು. ಜೈನರ ಲೆಕ್ಕದಲ್ಲಿ ಮರವೂ ಒಂದು ಇಂದ್ರಿಯವುಳ್ಳ ಜೀವ. ಒಡವೆಯ ಪೆಟ್ಟಿಗೆ ಎಂದೊಡನೆ ನಮ್ಮ ಜಿಲ್ಲೆಯವರು ಬಯಸುವುದು ಬೀಟೆ. ಕಾಕನಕೋಟೆ, ನಾಗರಹೊಳೆಯ ಕಾಡಿನ ಈ ಮರ ಬಲು ನಿಧಾನ ಬೆಳೆಯುತ್ತದೆ. 2017ರಿಂದ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟೀಸ್ ಒಪ್ಪಂದದ ಹಿಡಿತದಲ್ಲಿದೆ. ಹತ್ತು ಬಳೆ ಇಡಲು ಅಂಥ ಮರ ಉರುಳಿಸಿ, ಅದರ ದಿಮ್ಮಿ ತೋಡಿ ಪೆಟ್ಟಿಗೆ ಮಾಡಿದರೆ, ಒಳಗೆ ಚಿನ್ನದ ಅಳತೆ ಕಾದು ಹೊರಗೆ ಮರದ ಅಳತೆ ಮೀರಿದಂತೆ. ಅಂಥ ಪೆಟ್ಟಿಗೆಯನ್ನು ನಾನು ಸಮರ್ಥಿಸಲಾರೆ. ಪಟ್ಟಿ ಕೂಡಿಸುವ ದಾರಿ ಇಲ್ಲೂ ಕೈಹಿಡಿಯುತ್ತದೆ: ನಾಲ್ಕು ಅಂಗುಲದ ಪಟ್ಟಿಗೆ ಹೊಸ ಮರವೇ ಬೇಕಿಲ್ಲ, ಬಾಗಿಲು ಕಿಟಕಿ ಮಾಡಿ ಉಳಿದ ತೇಗ, ಹೊನ್ನೆಯ ತುಂಡು ಸಾಕು.

ಮಗಳ ಮದುವೆಗೆ ಪೆಟ್ಟಿಗೆ ಮಾಡಿಸುವವರು ದಯವಿಟ್ಟು ಮೊದಲು ಮನೆಯಲ್ಲಿರುವ ತಾಳಿ, ಓಲೆ, ಬಳೆ, ಸರಗಳನ್ನು ಒಂದು ಬಟ್ಟೆಯ ಮೇಲೆ ಹರಡಿ ನೋಡಿ. ಆಚಾರಿಗೆ ಕೊಡುವ ಒಳಅಳತೆ ಅಷ್ಟೇ ಇರಲಿ. ಬೀಟೆ ಬೇಡ, ತುಂಡು ಮರದಲ್ಲೇ ಆಗಲಿ ಎಂದು ಬಾಯಿಬಿಟ್ಟು ಹೇಳಿ.