ಹಿಂದೆ ಕೂತವರ ಗಾಳಿ

ಮೋಟಾರ್‌ಸೈಕಲ್ಲಿನ ಮುಂದೆ ಕೂರಿಸುವ ವಿಂಡ್‌ಸ್ಕ್ರೀನಿಗೆ ಒಂದು ವಿಚಿತ್ರ ಗುಣವಿದೆ. ಎದೆಗೆ ಬಡಿಯುವ ಗಾಳಿಯನ್ನು ಅದು ತಡೆಯುತ್ತದೆ. ಹಾಗೆ ತಡೆದ ಗಾಳಿಯನ್ನು ಎಷ್ಟೋ ಸಲ ಸವಾರನ ತಲೆಗೆ ತಂದು ಅಪ್ಪಳಿಸುತ್ತದೆ. ಹೆಲ್ಮೆಟ್ ಎಡಕ್ಕೂ ಬಲಕ್ಕೂ ತುಯ್ಯುತ್ತದೆ, ಕಿವಿಯಲ್ಲಿ ಡೊಳ್ಳು ಬಾರಿಸಿದಂತೆ ಸದ್ದು, ತಾಸು ಕಳೆಯುವುದರೊಳಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಬೈಕಿನವರು ಇದನ್ನು ಬಫೆಟಿಂಗ್ ಎನ್ನುತ್ತಾರೆ. ನಾನು ಗಾಳಿಗುದ್ದು ಎನ್ನುತ್ತೇನೆ.

ಇದು ನಡೆಯುವ ಬಗೆ ಹೀಗೆ. ಓಡುವ ಬೈಕಿನ ಗಾಜಿನ ಹಿಂದೆ ಒತ್ತಡ ಕಡಿಮೆಯಾದ ಒಂದು ಪೊಳ್ಳು ಉಂಟಾಗುತ್ತದೆ. ಗಾಜಿನ ಮೇಲಂಚಿನಿಂದ ಬಿಡಿಸಿಕೊಂಡ ಗಾಳಿ ಆ ಪೊಳ್ಳಿನತ್ತ ಸುರುಳಿ ಸುರುಳಿಯಾಗಿ ಕುಸಿಯುತ್ತದೆ. ಸುರುಳಿಗಳ ದಾರಿಯಲ್ಲಿ ತಲೆ ಇದ್ದರೆ ಗುದ್ದು ಬಿತ್ತೆಂದೇ ಅರ್ಥ. ಗಾಜೇ ಇಲ್ಲದ ಬೈಕಿನಲ್ಲಿ ಗಾಳಿ ಜೋರಾಗಿ ಬಂದರೂ ಒಂದೇ ಸಮನೆ ಬರುತ್ತದೆ, ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅರೆಬರೆ ರಕ್ಷಣೆಯದ್ದೇ ತಕರಾರು.

ಕಾಂಟ್ 1781ರ ತನ್ನ ದೊಡ್ಡ ಗ್ರಂಥದ ಪೀಠಿಕೆಯಲ್ಲಿ ಒಂದು ಪಾರಿವಾಳವನ್ನು ಹಾರಿಬಿಡುತ್ತಾನೆ. ರೆಕ್ಕೆಗೆ ಗಾಳಿಯ ತಡೆ ತಾಗಿ, ಗಾಳಿಯೇ ಇಲ್ಲದಿದ್ದರೆ ಇನ್ನೂ ಹಗುರಾಗಿ ಹಾರಬಹುದಿತ್ತು ಎಂದು ಅದಕ್ಕೆ ಅನಿಸೀತು. ಅನುಭವದ ನೆಲ ಬಿಟ್ಟು ಹಾರಬಯಸುವ ಬುದ್ಧಿಗೆ ಕಾಂಟ್ ಕೊಟ್ಟ ಎಚ್ಚರಿಕೆ ಅದು. ತರಗತಿಯಲ್ಲಿ ಕೇಳಿದಾಗ ಚೆನ್ನಾಗಿತ್ತು. ಆದರೆ ಆ ಪಾರಿವಾಳ ಒಂಟಿ. ಅದರ ಬೆನ್ನ ಹಿಂದೆ ಯಾರೂ ಕೂತಿಲ್ಲ.

ನನ್ನ ಹಿಂದೆ ಒಬ್ಬ ಇರುತ್ತಾನೆ. ನನ್ನ ಪಿಎಚ್‌ಡಿ ಹೊಣೆಗಾರಿಕೆ ಎಂಬ ಪರಿಕಲ್ಪನೆಯ ಮೇಲೆ. ಅಕ್ಕಪಕ್ಕದ ರೈತರು ನೀರು ಹಂಚಿಕೊಳ್ಳುವಾಗ ಆಡುವ ಮಾತುಗಳನ್ನು ದಾಖಲಿಸಲು ಕಮಲಾಪುರದ ಬಾಳೆತೋಟಗಳಿಗೆ ಹೋಗುತ್ತಿರುತ್ತೇನೆ. ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆ ಪಡೆದ ಊರು. ನನ್ನ ಕೋಣೆ ಇರುವುದು ಕಲಬುರಗಿಯ ಐವಾನ್-ಎ-ಶಾಹಿ ಪ್ರದೇಶದಲ್ಲಿ. ಅಲ್ಲಿಂದ ಹುಮನಾಬಾದ್ ರಸ್ತೆ ಹಿಡಿದು ಊರು ದಾಟಿದರೆ ತೊಗರಿ ಹೊಲಗಳ ಬಯಲು, ಗಾಳಿಗೆ ಅಡ್ಡ ಬರುವುದು ಏನೂ ಇಲ್ಲ. ಜೊತೆಗೆ ಬರುವ ಗೆಳೆಯನೂ ಸಂಶೋಧಕನೇ.

ಎತ್ತರದ ಗಾಜೊಂದನ್ನು ಎರವಲು ತಂದು ನಾವಿಬ್ಬರೂ ಒಂದು ಪ್ರಯೋಗ ಮಾಡಿದೆವು. ಅದನ್ನು ಹಾಕಿದಾಗ ನನ್ನ ತಲೆಯ ಸುತ್ತ ಮೌನ. ಮಹಾಗಾಂವ್ ಕ್ರಾಸಿನಲ್ಲಿ ಇಳಿದಾಗ ಅವನು ಕುತ್ತಿಗೆ ಒತ್ತಿಕೊಳ್ಳುತ್ತ, "ನಿನ್ನ ಗಾಳಿ ನನಗ ಹಚ್ಚಿದಿ ನೋಡು" ಅಂದ. ಹಿಂದಿನ ಸೀಟು ಒಂದು ಗೇಣು ಎತ್ತರ. ನನ್ನ ತಲೆ ದಾಟಿದ ಸುರುಳಿ ಅವನ ಹೆಲ್ಮೆಟ್ಟಿಗೆ ಇಳಿಯುತ್ತಿತ್ತು. ಜಾಗ ಬದಲಿಸಿ ನೋಡಿದೆವು. ಅದೇ ಕತೆ, ಈ ಸಲ ಕುತ್ತಿಗೆ ನನ್ನದು.

ಅವನು ಅಲ್ಲೇ ಒಂದು ಸಿದ್ಧಾಂತ ಕಟ್ಟಿದ: ಲೋಕದಲ್ಲಿ ಯಾರ ಸುಖವೂ ಹೊಸದಾಗಿ ಹುಟ್ಟಿದ್ದಲ್ಲ, ಇನ್ನೊಬ್ಬರ ಮೇಲೆ ದಾಟಿಸಿದ ಕಷ್ಟವೇ ಸುಖ. ಏಸಿ ಕೋಣೆಯ ತಂಪು ಹೊರಗಿನ ಓಣಿಗೆ ಬಿಸಿಯಾಗಿ ಬೀಳುವುದನ್ನು ಕಲಬುರಗಿಯ ಮೇ ತಿಂಗಳಲ್ಲಿ ಯಾರೂ ನೋಡಬಹುದು. ಮೇಲಿನ ಹೊಲದ ಒಡ್ಡು ಒಡೆದರೆ ಕೆಳಗಿನವನ ಬೆಳೆ ಹೋಗುತ್ತದೆ. ಮಾತಿನಲ್ಲಿ ತೂಕವಿದೆ. ಆದರೂ ನಾನು ಒಪ್ಪಲಿಲ್ಲ. ಅದನ್ನು ಒಪ್ಪಿದರೆ ಕಡಿಮೆ ಮಾಡುವುದಕ್ಕೂ ದಾಟಿಸುವುದಕ್ಕೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಎಲ್ಲರೂ ಹೇಗೂ ದಾಟಿಸುವವರೇ ಎಂದಮೇಲೆ ಯಾರನ್ನೂ ಏನನ್ನೂ ಕೇಳುವಂತಿಲ್ಲ. (ಇಂಥ ಸಿನಿಕತನ ನಮ್ಮ ಸೆಮಿನಾರುಗಳಲ್ಲಿ ಆಳವಾದ ಚಿಂತನೆಯ ವೇಷ ಹಾಕಿಕೊಂಡು ಓಡಾಡುತ್ತದೆ.)

ಉತ್ತರ ತೋಟದ ಅಂಚಿನಲ್ಲೇ ಇತ್ತು. ಬಾಳೆಗೆ ಗಾಳಿ ದೊಡ್ಡ ಶತ್ರು. ಗೊನೆ ಹೊತ್ತ ಗಿಡ ಬುಡಸಹಿತ ಮಗುಚುತ್ತದೆ. ಆಸರೆಗೆ ಬೊಂಬು ಕೊಡುತ್ತಾರೆ, ಗಾಳಿ ಬರುವ ದಿಕ್ಕಿಗೆ ಮರಗಳ ಸಾಲು ನೆಡುತ್ತಾರೆ. ಗೋಡೆಯನ್ನೇ ಕಟ್ಟಿದರೆ? ಗಟ್ಟಿ ಗೋಡೆ ದಾಟಿದ ಗಾಳಿ ಆಚೆ ಬದಿಯಲ್ಲಿ ಸುಳಿಯಾಗಿ ಬೀಳುತ್ತದೆ, ನಮ್ಮ ಗಾಜಿನ ಹಾಗೆಯೇ. ಎಲೆಗಳ ಸಂದಿಯಿಂದ ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಮರದ ಸಾಲು ತನ್ನ ಎತ್ತರದ ಹತ್ತು ಪಟ್ಟಿಗೂ ಹೆಚ್ಚು ದೂರ ಗಾಳಿಯ ಬಿರುಸು ತಗ್ಗಿಸುತ್ತದೆ. ಬಾಳೆ ಎಲೆಯಾದರೂ ಅಷ್ಟೆ, ನರಗಳ ನಡುವೆ ಸೀಳಿಕೊಂಡು ಗಾಳಿಗೆ ದಾರಿ ಬಿಡುತ್ತದೆ.

ಬೈಕಿಗೂ ಇದೇ ಮದ್ದು. ಹಳೆಯ ಗಿಡ್ಡ ಗಾಜನ್ನೇ ವಾಪಸು ಹಾಕಿ, ಕೆಳಗೆ ವಾಷರು ಕೊಟ್ಟು ಎರಡು ಬೆರಳಿನಷ್ಟು ಸಂದಿ ಬಿಟ್ಟೆವು. ಆ ಸಂದಿಯಿಂದ ನುಗ್ಗಿದ ಗಾಳಿ ಹಿಂದಿನ ಪೊಳ್ಳನ್ನು ತುಂಬುತ್ತದೆ, ಸುರುಳಿಯ ಸೆಳೆತ ಕುಗ್ಗುತ್ತದೆ. ನನ್ನ ಎದೆಗೆ ಮೊದಲಿಗಿಂತ ಹೆಚ್ಚು ಗಾಳಿ ಬರತೊಡಗಿತು. ಅವನ ತಲೆ ನಿಂತಿತು. ಎತ್ತರದ ಗಾಜಿನಲ್ಲಿ ಸಿಕ್ಕಿದ ಮೌನ ಮಾತ್ರ ನನಗೆ ಮತ್ತೆ ಸಿಗಲಿಲ್ಲ. ಅದನ್ನು ತ್ಯಾಗ ಎಂದು ಕರೆಯಲು ನನಗೆ ನಾಚಿಕೆ, ಏಕೆಂದರೆ ಆ ಮೌನ ನನ್ನದಾಗಿರಲೇ ಇಲ್ಲ.

ಇಷ್ಟರ ಮೇಲೂ ಉಳಿಯುವುದು ವೇಗ. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಕಮಲಾಪುರಕ್ಕೆ ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ಮೀಟರಿನಲ್ಲಿ 70 ಕಿ.ಮೀ. ಇದ್ದು, ಗಾಳಿ 20 ಇದ್ದರೆ ಹೋಗುವಾಗ ಮೈಗೆ ತಾಗುವುದು 50, ಬರುವಾಗ 90. ಗಾಳಿಯ ಹೊಡೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಬರುವಾಗಿನ ಹೊಡೆತ ಮೂರು ಪಟ್ಟಿಗೂ ಹೆಚ್ಚು. ಮುಂದಿರುವವನ ಕೈಯಲ್ಲಿ ಆಕ್ಸಿಲರೇಟರ್ ಇದೆ, ಬ್ರೇಕ್ ಇದೆ, ಮುಂದಿನ ಗುಂಡಿಯೂ ಮೊದಲು ಅವನಿಗೇ ಕಾಣುತ್ತದೆ. ಹಿಂದಿನವನಿಗೆ ಇವು ಯಾವುವೂ ಇಲ್ಲ, ಮತ್ತು ಗಾಳಿಯಲ್ಲಿ ಅವನ ಮಾತು ನನಗೆ ಕೇಳುವುದೂ ಇಲ್ಲ. ಹೊಣೆಯ ಬಗ್ಗೆ ಬರೆಯುವವರು ಕೇಡನ್ನು ಅಳೆಯುತ್ತಾರೆ, ಉದ್ದೇಶವನ್ನು ಅಳೆಯುತ್ತಾರೆ. ಅನುಭವಿಸುವವನ ದನಿ ಮಾಡುವವನ ಕಿವಿಗೆ ಮುಟ್ಟುವ ದಾರಿ ಇದೆಯೇ ಎಂದು ಕೇಳುವುದು ಕಡಿಮೆ.

ನಾವು ಮಾಡಿಕೊಂಡ ಏರ್ಪಾಡು ಸಣ್ಣದು. ಭುಜಕ್ಕೆ ಎರಡು ಸಲ ತಟ್ಟಿದರೆ ವೇಗ ಇಳಿಸಬೇಕು, ಯಾಕೆ ಎಂದು ಕೇಳುವಂತಿಲ್ಲ. ಕಳೆದ ವಾರ ವಾಪಸು ಬರುವಾಗ ಅವನು ತಟ್ಟಿದ, ನಾನು 55ಕ್ಕೆ ಇಳಿಸಿದೆ. ಅಷ್ಟರಲ್ಲಿ ಎದುರಿನಿಂದ ಬಂದ ಲಾರಿಯೊಂದು ನಮ್ಮನ್ನು ರಸ್ತೆಯಂಚಿಗೆ ತಳ್ಳುವಂತೆ ಗಾಳಿ ಎಸೆದು ಹೋಯಿತು. ಆ ಚಾಲಕನ ಕ್ಯಾಬಿನ್ನಿನ ಗಾಜು ಏರಿಸಿತ್ತು. ಅವನ ಭುಜಕ್ಕೆ ನಮ್ಮ ಕೈ ಎಟುಕುವಂತಿರಲಿಲ್ಲ.