ಛಾಯಾಚಿತ್ರದ ರೀಲು ಮತ್ತು ಶ್ರಾವಕನ ವಿವೇಕ

ಕಾಲ ಮುಗಿಯಿತೆಂದು ಲೋಕವೇ ಕೈಬಿಟ್ಟ ಉಪಕರಣವೊಂದು ಮರಳಿ ಬಳಕೆಗೆ ಬರುವುದು ವಿರಳ. ಫಿಲ್ಮ್ ರೀಲಿನ ಛಾಯಾಗ್ರಹಣವು ಅಂತಹ ವಿರಳ ಸಂಗತಿಗಳಲ್ಲಿ ಒಂದು. 2012ರ ಜನವರಿಯಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯು ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿದಾಗ ರೀಲಿನ ಯುಗವೇ ಮುಗಿಯಿತೆಂದು ಹಲವರು ಭಾವಿಸಿದರು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾಗಿ, 'ಇಂದು' ಎಂಬ ಹೆಸರಿನಲ್ಲಿ ಫಿಲ್ಮು ಮತ್ತು ಛಾಯಾಕಾಗದಗಳನ್ನು ದೇಶಕ್ಕೆಲ್ಲ ಒದಗಿಸಿದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕೂಡ ಬಾಗಿಲು ಮುಚ್ಚಿತು. ಆದರೂ 2018ರಲ್ಲಿ ಅದೇ ಕೊಡಾಕ್ ತಾನು ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು ಮತ್ತೆ ಮಾರುಕಟ್ಟೆಗೆ ತಂದಿತು. 2023ರಲ್ಲಿ ತೆರೆಕಂಡ 'ಓಪನ್‌ಹೈಮರ್' ಚಲನಚಿತ್ರವನ್ನು ಫಿಲ್ಮಿನ ಮೇಲೆಯೇ ಚಿತ್ರೀಕರಿಸಲಾಯಿತು. 2024ರಲ್ಲಿ ಪೆಂಟಾಕ್ಸ್ ರೀಲು ಹಾಕುವ ಹೊಸ ಕ್ಯಾಮೆರಾವನ್ನು ಹೊರತಂದಿತು. ಕೈಯಲ್ಲಿ ಮೊಬೈಲ್ ಹಿಡಿದೇ ಬೆಳೆದ ತರುಣರು ಇಂದು ಅಜ್ಜಂದಿರ ಕ್ಯಾಮೆರಾಗಳನ್ನು ಬೀರುವಿನಿಂದ ತೆಗೆದು ಧೂಳೊರೆಸುತ್ತಿದ್ದಾರೆ. ಬಳ್ಳಾರಿಯ ಗಾಂಧಿನಗರದಂತಹ ಹಳೆಯ ಬಡಾವಣೆಗಳ ಜೈನ ಗೃಹಗಳಿಗೂ ಈ ಒಲವು ಹೊರತಾಗಬೇಕಿಲ್ಲ.

ಈ ಆಕರ್ಷಣೆಯನ್ನು ಕೇವಲ ಹಳೆಯದರ ಮೋಹವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಒಂದು ರೀಲಿನಲ್ಲಿ 36 ಚಿತ್ರಗಳು. ಮೂವತ್ತೇಳನೆಯದನ್ನು ಬಯಸುವವನು ಹೊಸ ರೀಲು ಕೊಳ್ಳಬೇಕು. ಆದುದರಿಂದ ಗುಂಡಿ ಒತ್ತುವ ಮೊದಲು ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಬೆಳಕು ಸಾಕೇ, ಮುಖದಲ್ಲಿ ಭಾವವಿದೆಯೇ, ಈ ದೃಶ್ಯ ನಿಜವಾಗಿಯೂ ಬೇಕೇ ಎಂಬ ಪ್ರಶ್ನೆಗಳು ಏಳುತ್ತವೆ. ತೆಗೆದ ಚಿತ್ರ ಹೇಗೆ ಬಂತೆಂದು ತಿಳಿಯಲು ರೀಲು ಮುಗಿಯಬೇಕು, ತೊಳೆಸಬೇಕು, ಕಾಯಬೇಕು. ಫಲವನ್ನು ಕೂಡಲೇ ನೋಡುವ ಆತುರಕ್ಕೆ ಅಲ್ಲಿ ಅವಕಾಶವಿಲ್ಲ. ಹಿಂದೆ ಊರಿನ ಸ್ಟುಡಿಯೊದಲ್ಲಿ ಒಂದು ಕುಟುಂಬ ವರ್ಷಕ್ಕೊಮ್ಮೆ ನಿಂತು ತೆಗೆಸಿಕೊಂಡ ಒಂದೇ ಚಿತ್ರವನ್ನು ಮೂರು ತಲೆಮಾರು ನೋಡಿತು. ಇಂದು ಒಂದು ನಾಮಕರಣದಲ್ಲಿ ತೆಗೆದ ಎಂಟುನೂರು ಚಿತ್ರಗಳನ್ನು ತೆಗೆದವನೇ ಎರಡನೆಯ ಸಲ ನೋಡುವುದಿಲ್ಲ.

ಶ್ರಾವಕಾಚಾರವನ್ನು ಬಲ್ಲವರಿಗೆ ಇಲ್ಲಿ ಪರಿಚಿತ ಧ್ವನಿಯೊಂದು ಕೇಳಿಸದಿರದು. ಭೋಗ ಮತ್ತು ಉಪಭೋಗದ ವಸ್ತುಗಳಿಗೆ ಪರಿಮಾಣ ಹಾಕಿಕೊಳ್ಳುವುದು ಗೃಹಸ್ಥನ ವ್ರತಗಳಲ್ಲೊಂದು. ಪ್ರಯೋಜನವಿಲ್ಲದ ಕ್ರಿಯೆಯಿಂದ ದೂರವಿರುವ ಅನರ್ಥದಂಡ ವಿರತಿ ಮತ್ತೊಂದು. ಮೂವತ್ತಾರರ ಎಣಿಕೆಯಲ್ಲಿ ಮೊದಲನೆಯ ವ್ರತದ ಛಾಯೆಯನ್ನೂ, ನಿಷ್ಪ್ರಯೋಜಕ ಚಿತ್ರಗಳ ರಾಶಿಯಲ್ಲಿ ಎರಡನೆಯದರ ಉಲ್ಲಂಘನೆಯನ್ನೂ ಕಾಣುವವರು ತಪ್ಪು ಹೇಳುತ್ತಿಲ್ಲ.

ಇದೇ ಜಿಲ್ಲೆಯ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ (1931–2011) ಅವರ ನಿದರ್ಶನವನ್ನೂ ಇಲ್ಲಿ ನೆನೆಯಬಹುದು. ರಾಜ್ಯದ ಹಣಕಾಸು ಸಚಿವರಾಗಿದ್ದ ಅವರು ವನ್ಯಜೀವಿ ಛಾಯಾಗ್ರಾಹಕರಾಗಿಯೂ ದೇಶದ ಹೊರಗೆ ಹೆಸರು ಪಡೆದವರು. ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಗ್ರಂಥ 1983ರಲ್ಲಿ ಪ್ರಕಟವಾಯಿತು. ಮೃಗಯೆಯು ಅರಸುಮನೆತನಗಳ ಸಹಜ ವಿನೋದವಾಗಿದ್ದ ನಾಡಿನಲ್ಲಿ, ಅಂಥದೇ ಮನೆತನದ ಕುಡಿಯೊಬ್ಬರು ಕಾಡಿನ ಪ್ರಾಣಿಯ ಮುಂದೆ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕುಳಿತರು ಎಂಬುದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ಫಿಲ್ಮಿನ ಕಾಲದಲ್ಲಿ ಮಾಡಿದ ಕೆಲಸವೂ ಇದೇ ಬಗೆಯದು. ಪ್ರಾಣಿಯನ್ನು ಕೊಲ್ಲದೆ ಅದರ ರೂಪವನ್ನು ಮಾತ್ರ ಮನೆಗೆ ತರುವ ಈ ಕಲೆಗಿಂತ ಅಹಿಂಸೆಗೆ ಹತ್ತಿರವಾದ ಹವ್ಯಾಸ ಮತ್ತೊಂದಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ.

ಆದರೆ ರೂಪವನ್ನು ಹಿಡಿದಿಟ್ಟ ಆ ಪದರ ಯಾವುದರಿಂದ ಆಗಿದೆ?

ಫಿಲ್ಮಿನ ಮೇಲಿರುವುದು ಬೆಳ್ಳಿಯ ಲವಣಗಳ ಅತಿಸೂಕ್ಷ್ಮ ಕಣಗಳು. ಅವನ್ನು ಒಂದರಿಂದೊಂದು ಬೇರ್ಪಡಿಸಿ ಹಿಡಿದಿಡುವ ಅಂಟೇ ಜೆಲಾಟಿನ್. ದನಗಳ ಮೂಳೆ ಮತ್ತು ತೊಗಲನ್ನು ಸಂಸ್ಕರಿಸಿ, ಬಿಸಿನೀರಿನಲ್ಲಿ ಇಳಿಸಿ ಅದನ್ನು ತೆಗೆಯುತ್ತಾರೆ. ಛಾಯಾಚಿತ್ರಕ್ಕೆ ಬೇಕಾದ ಉತ್ತಮ ದರ್ಜೆಯದು ಬಹುಪಾಲು ದನದ ಮೂಳೆಯಿಂದಲೇ ಬರುತ್ತದೆ. ಬಿಸಿಯಲ್ಲಿ ಕರಗಿ ತಂಪಿನಲ್ಲಿ ಗಟ್ಟಿಯಾಗುವುದು, ನೀರಿನಲ್ಲಿ ಉಬ್ಬಿ ರಾಸಾಯನಿಕ ದ್ರವವನ್ನು ಒಳಗೆ ಬಿಟ್ಟುಕೊಂಡರೂ ಕಣಗಳನ್ನು ಕದಲಗೊಡದಿರುವುದು, ಒಣಗಿದ ಮೇಲೆ ಗಾಜಿನಂತೆ ಪಾರದರ್ಶಕವಾಗುವುದು, ಇಷ್ಟೂ ಗುಣಗಳು ಅದರಲ್ಲಿವೆ. ಬೆಳಕಿಗೆ ಬೆಳ್ಳಿಯ ಸಂವೇದನೆಯನ್ನು ಹೆಚ್ಚಿಸುವ ಶಕ್ತಿಯೂ ಕೆಲವು ಜೆಲಾಟಿನ್‌ಗಳಲ್ಲಿ ಕಂಡುಬಂದಿತ್ತು. ಅದರ ಗುಟ್ಟನ್ನು ಕೊಡಾಕ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ 1925ರಲ್ಲಿ ಬಿಡಿಸಿದರು. ಮೇವಿನಲ್ಲಿದ್ದ ಸಾಸಿವೆ ಜಾತಿಯ ಗಿಡಗಳ ಗಂಧಕಯುಕ್ತ ಅಂಶವು ಲೇಶಮಾತ್ರವಾಗಿ ಜೆಲಾಟಿನ್‌ನಲ್ಲಿ ಉಳಿದಿರುತ್ತಿತ್ತು. ಹಸು ಮೇದದ್ದು ಚಿತ್ರದ ಬೆಳಕಾಗಿ ಬಂತು ಎನ್ನಬಹುದು. ಅಮೆರಿಕದ ಪೀಬಡಿ ಪಟ್ಟಣದಲ್ಲಿ ಕೊಡಾಕ್ ತನ್ನದೇ ಆದ ಜೆಲಾಟಿನ್ ಕಾರ್ಖಾನೆಯನ್ನು 2011ರವರೆಗೂ ನಡೆಸಿತು. ಸಸ್ಯಮೂಲದ ಅಥವಾ ಕೃತಕ ವಸ್ತುವಿನಿಂದ ಇದರ ಸ್ಥಾನವನ್ನು ತುಂಬುವ ಪ್ರಯತ್ನಗಳು ನಡೆದರೂ ಪೇಟೆಯಲ್ಲಿ ಸಿಗುವ ರೀಲುಗಳು ಇಂದಿಗೂ ಜೆಲಾಟಿನ್‌ನವೇ.

ಅದಕ್ಕೂ ಹಿಂದಿನ ಛಾಯಾಗ್ರಹಣ ಶುದ್ಧವಾಗಿತ್ತೆಂದೂ ಹೇಳುವಂತಿಲ್ಲ. 1856ರ ಸುಮಾರಿನಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ಅವಶೇಷಗಳನ್ನು ಸೆರೆಹಿಡಿದದ್ದು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ. ಈ ವಿಧಾನಕ್ಕೆ ಬಳಕೆಯಾಗುತ್ತಿದ್ದ ಮೇಣ ಜೇನಿನದು. 1850ರಿಂದ ಬಳಕೆಗೆ ಬಂದ ಮುದ್ರಣಕಾಗದಕ್ಕೆ ಮೊಟ್ಟೆಯ ಬಿಳಿಯ ಲೋಳೆಯನ್ನು ಬಳಿಯುತ್ತಿದ್ದರು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯರು ಜೆಲಾಟಿನ್ ವಿಧಾನವನ್ನು ಪ್ರಕಟಿಸಿದರು. ಜೇನು, ಮೊಟ್ಟೆ, ಮೂಳೆ: ಶ್ರಾವಕನ ಅಡಿಗೆಮನೆಗೆ ಪ್ರವೇಶವಿಲ್ಲದ ಮೂರೂ ವಸ್ತುಗಳು ಒಂದರ ಹಿಂದೊಂದರಂತೆ ಅವನ ಪಡಸಾಲೆಯ ಗೋಡೆಗೆ ಬಂದು ನೇತಾಡಿದವು.

ಇದನ್ನು ತಿಳಿದ ಮೇಲೆ ಕೇಳಿಬರುವ ಸಮಾಧಾನಗಳು ಹಲವು. ಜೆಲಾಟಿನ್‌ಗಾಗಿಯೇ ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ, ಅದು ಮಾಂಸೋದ್ಯಮದ ಉಳಿಕೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಆದರೆ ಉಳಿಕೆಗೆ ಬೆಲೆ ಬಂದಷ್ಟೂ ಮೂಲ ವ್ಯಾಪಾರಕ್ಕೆ ಬಲ ಬರುತ್ತದೆ ಎಂಬುದನ್ನು ಯಾವ ವರ್ತಕನಿಗೂ ವಿವರಿಸಬೇಕಾಗಿಲ್ಲ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಈ ಮೂರನ್ನೂ ಶಾಸ್ತ್ರವು ಎಣಿಸಿರುವುದು ಇಂತಹ ದೂರದ ಸಂಬಂಧಗಳನ್ನು ಗಮನದಲ್ಲಿಟ್ಟುಕೊಂಡೇ. ಮೂಳೆ, ತೊಗಲು, ಉಗುರುಗಳ ವ್ಯಾಪಾರವನ್ನು ದಂತವಾಣಿಜ್ಯದ ಅಡಿಯಲ್ಲಿ ಸೇರಿಸಿ ಆಚಾರ್ಯ ಹೇಮಚಂದ್ರರು ಗೃಹಸ್ಥನಿಗೆ ನಿಷೇಧಿಸಿರುವುದೂ ಅದೇ ಕಾರಣಕ್ಕೆ.

ತಾನಾಗಿ ಸತ್ತ ದನದ ಮೂಳೆಯಾದರೆ ಏನು ದೋಷ ಎಂಬುದು ಎರಡನೆಯ ಸಮಾಧಾನ. ಮಾಂಸದ ವಿಷಯದಲ್ಲಿ ಇದೇ ವಾದವನ್ನು ಆಚಾರ್ಯ ಅಮೃತಚಂದ್ರರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ತಾನಾಗಿ ಸತ್ತ ಎಮ್ಮೆ, ಎತ್ತುಗಳ ಮಾಂಸದಲ್ಲಿಯೂ ಅದನ್ನು ಆಶ್ರಯಿಸಿದ ಸೂಕ್ಷ್ಮ ಜೀವಿಗಳ ಹಿಂಸೆ ತಪ್ಪದೆಂಬುದು ಅವರ ಅಭಿಪ್ರಾಯ. ಆದರೆ ಒಣಗಿ, ಸುಣ್ಣದಲ್ಲಿ ನೆನೆದು, ಸಂಸ್ಕಾರಗಳನ್ನು ದಾಟಿ ಬಂದ ಮೂಳೆಯ ಸಾರಕ್ಕೆ ಈ ಮಾತು ಪೂರ್ತಿಯಾಗಿ ಅನ್ವಯಿಸುವುದೇ ಎಂಬುದು ವಿದ್ವಾಂಸರು ವಿಚಾರ ಮಾಡಬೇಕಾದದ್ದು. ಇಲ್ಲಿ ಅದನ್ನು ಬಲವಂತವಾಗಿ ಎಳೆಯುವುದು ಬೇಡ. ಕೊಳ್ಳುವವನ ಕೈಯಲ್ಲಿರುವ ರೀಲಿನ ಮೇಲೆ ಅದರ ಮೂಳೆ ಯಾವ ದನದ್ದೆಂದು ಬರೆದಿರುವುದಿಲ್ಲ ಎಂಬಷ್ಟು ಹೇಳಿದರೆ ಸಾಕು.

ಮೂರನೆಯದು ಪ್ರಮಾಣದ ಮಾತು. ಒಂದು ರೀಲಿನಲ್ಲಿರುವ ಜೆಲಾಟಿನ್ ಒಂದೆರಡು ಗ್ರಾಂ ಮೀರದು. ದೇವಸ್ಥಾನದ ಮೃದಂಗಕ್ಕೆ ತೊಗಲು ಒಪ್ಪಿಗೆಯಾಗಿರುವಾಗ ಇದೇಕೆ ಆಗಬಾರದು? ಪೂರ್ವದ ಒಂದು ವಿವಾದ ಇಲ್ಲಿ ಉಪಯುಕ್ತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸ್ತ್ರಗ್ರಂಥಗಳನ್ನು ಅಚ್ಚು ಹಾಕಿಸುವುದಕ್ಕೆ ಜೈನ ಸಮಾಜದಲ್ಲಿ ಪ್ರಬಲ ವಿರೋಧವಿತ್ತು. ಅಶುದ್ಧಿಯ ಭಯ ಅದರಲ್ಲಿ ಸೇರಿತ್ತು. ಆ ಕಾಲದ ಅಚ್ಚುಕೂಟಗಳ ಮಸಿ ಬಳಿಯುವ ಉರುಳೆಗಳನ್ನು ಪ್ರಾಣಿಜನ್ಯ ಅಂಟು ಮತ್ತು ಕಾಕಂಬಿ ಬೆರೆಸಿ ಎರೆಯುತ್ತಿದ್ದರೆಂಬುದನ್ನು ನೋಡಿದರೆ ಆ ಭಯ ನಿರಾಧಾರವಾಗಿರಲಿಲ್ಲ. ಆದರೂ ಸಮಾಜ ಮುದ್ರಣವನ್ನು ಒಪ್ಪಿತು. ಗೆದ್ದಲಿಗೆ ಆಹಾರವಾಗುತ್ತಿದ್ದ ಓಲೆಗರಿಗಳ ಜ್ಞಾನ ಉಳಿಯಬೇಕಾಗಿತ್ತು. ಅಂದರೆ ಅಲ್ಲಿ ತೂಗಿದ್ದು ಅಂಟಿನ ಗ್ರಾಂ ಲೆಕ್ಕವನ್ನಲ್ಲ, ಕಾರ್ಯದ ಗೌರವವನ್ನು. ಅದೇ ತಕ್ಕಡಿಯಲ್ಲಿ ರೋಗಿಯ ಎದೆಯ ಎಕ್ಸ್-ರೇ ಫಿಲ್ಮು ನಿಲ್ಲುತ್ತದೆ, ಜೀರ್ಣವಾಗುತ್ತಿರುವ ಹಸ್ತಪ್ರತಿಯ ಮೈಕ್ರೋಫಿಲ್ಮು ನಿಲ್ಲುತ್ತದೆ. ಭಾನುವಾರದ ವಿಹಾರದ ರೀಲು ನಿಲ್ಲುವುದು ಕಷ್ಟ.

ಹಾಗಾದರೆ ಮೊಬೈಲಿನ ಚಿತ್ರ ನಿರ್ದೋಷವೇ? ಅದರ ಲೋಹಗಳು ಗಣಿಯಿಂದ ಬಂದವು. ಗಣಿಯೆಂದರೇನೆಂದು ಬಳ್ಳಾರಿಯವರಿಗೆ ಯಾರೂ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆಯಬೇಕಾಯಿತು. ಪೃಥ್ವೀಕಾಯಿಕ ಜೀವಗಳ ಹಿಂಸೆಯನ್ನು ಗೃಹಸ್ಥ ಪೂರ್ತಿಯಾಗಿ ಬಿಡಲಾರ, ತ್ರಸಜೀವಗಳ ಹಿಂಸೆಯನ್ನು ಬಿಡಲೇಬೇಕು ಎಂಬ ತಾರತಮ್ಯದಿಂದ ಮೊಬೈಲಿನ ಪಕ್ಷ ಸ್ವಲ್ಪ ಹಗುರವಾಗುತ್ತದೆ ನಿಜ. ಆದರೆ ಗುಡ್ಡ ಅಗೆದಾಗ ಸಾಯುವುದು ಮಣ್ಣಿನ ಜೀವ ಮಾತ್ರವಲ್ಲ. ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಮದುವೆಯ ಚಿತ್ರಗಳನ್ನೂ ಬಣ್ಣದ ಲ್ಯಾಬುಗಳು ಬಹುಮಟ್ಟಿಗೆ ಬೆಳ್ಳಿಯ ಲವಣದ ಕಾಗದದ ಮೇಲೆಯೇ ಮೂಡಿಸುತ್ತವೆ, ಮತ್ತು ಆ ಕಾಗದದ ಮೇಲಿರುವುದೂ ಜೆಲಾಟಿನ್. ರೀಲನ್ನು ಬಿಟ್ಟೆನೆಂದು ಹೇಳುವವರ ಮನೆಗೆ ಅದೇ ವಸ್ತು ಆಲ್ಬಮಿನ ರೂಪದಲ್ಲಿ ಬಂದಿರುತ್ತದೆ. ಒಂದು ಆಲ್ಬಮಿನ ವಿಸ್ತೀರ್ಣ ಒಂದು ರೀಲಿಗಿಂತ ಎಷ್ಟೋ ಪಾಲು ದೊಡ್ಡದು.

ಮರಳಿ ಸಂಯಮದ ಪ್ರಶ್ನೆಗೆ ಬರಬೇಕು, ಏಕೆಂದರೆ ರೀಲಿನ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಅದೇ. ರೀಲು ಮೂವತ್ತಾರಕ್ಕೆ ನಿಲ್ಲಿಸುತ್ತದೆ. ಆದರೆ ನಿಲ್ಲಿಸುವುದು ಡಬ್ಬಿ, ಮನುಷ್ಯನಲ್ಲ. ಉಗ್ರಾಣದಲ್ಲಿ ಧಾನ್ಯವಿಲ್ಲದೆ ಹಸಿದಿರುವವನನ್ನು ಉಪವಾಸಿ ಎನ್ನುವುದಿಲ್ಲ. ಬಡಿಸಿದ ಎಲೆಯ ಮುಂದೆ ಕೈ ಹಿಂತೆಗೆದವನದು ಉಪವಾಸ. ಸಾವಿರ ಚಿತ್ರಗಳಿಗೆ ಜಾಗವಿರುವ ಯಂತ್ರವನ್ನು ಹಿಡಿದು, ಇಂದು ಹನ್ನೆರಡಕ್ಕಿಂತ ಹೆಚ್ಚು ತೆಗೆಯೆನೆಂದು ಪರಿಮಾಣ ಮಾಡಿಕೊಂಡು, ಹದಿಮೂರನೆಯ ದೃಶ್ಯ ಎಷ್ಟೇ ಚೆಲುವಾಗಿದ್ದರೂ ಕಣ್ಣಿನಿಂದ ಮಾತ್ರ ನೋಡಿ ಮುಂದೆ ಹೋಗುವವನು ವ್ರತಕ್ಕೆ ಹತ್ತಿರವಾಗಿದ್ದಾನೆ. ರೀಲಿನ ಪ್ರೇಮಿ ಇದನ್ನು ಒಪ್ಪದಿರಬಹುದು. ಸ್ವಂತ ಮನಸ್ಸಿನ ಬೇಲಿಯನ್ನು ದಾಟುವುದು ಸುಲಭ, ಡಬ್ಬಿಯ ಬೇಲಿಯನ್ನು ದಾಟಲಾಗದು, ಆದ್ದರಿಂದ ಅಭ್ಯಾಸಕ್ಕೆ ಡಬ್ಬಿಯೇ ಮೇಲು ಎಂದಾನು. ಈ ಆಕ್ಷೇಪಣೆಗೆ ತೂಕವಿದೆ. ಆದರೆ ಸಂಯಮ ಕಲಿಯುವುದಕ್ಕೆ ಪಂಚೇಂದ್ರಿಯ ಪ್ರಾಣಿಯ ಮೂಳೆಯೇ ಬೇಕೆನ್ನುವ ಮಟ್ಟಿಗೆ ಅದು ತೂಗುವುದಿಲ್ಲ.

ಬೆಳ್ಳಿಯ ಚಿತ್ರದ ನಿಧಾನವನ್ನೇ ಬಯಸುವವರಿಗೆ ದಾರಿ ಸಂಪೂರ್ಣ ಮುಚ್ಚಿಲ್ಲ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಮುದ್ರಣಕ್ಕೆ ಕಬ್ಬಿಣದ ಲವಣ, ಕಾಗದ, ಬಿಸಿಲು ಮತ್ತು ನೀರು ಸಾಕು. ಕಾಗದಕ್ಕೆ ಪ್ರಾಣಿಜನ್ಯ ಸರೇಸು ಹಚ್ಚಿಲ್ಲವೆಂದು ಮಾತ್ರ ನೋಡಿಕೊಳ್ಳಬೇಕು. ಎಲೆ, ಹೂವುಗಳನ್ನು ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿದರೆ ಮಕ್ಕಳೂ ಮಾಡಬಹುದು, ಬಿದ್ದ ಎಲೆಯಾದರೆ ಇನ್ನೂ ಒಳ್ಳೆಯದು. ಬಳ್ಳಾರಿಯಲ್ಲಿ ಬಿಸಿಲಿಗೆ ಬರವಿಲ್ಲ.

ಉಳಿದದ್ದು ಈಗಾಗಲೇ ಮನೆಗಳಲ್ಲಿಯೂ ಬಸದಿಗಳ ಟ್ರಸ್ಟುಗಳ ಕಪಾಟುಗಳಲ್ಲಿಯೂ ಇರುವ ನೆಗೆಟಿವ್‌ಗಳ ವಿಷಯ. 1981 ಮತ್ತು 1993ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಗಳು ರೀಲಿನ ಕಾಲದವು. ಆಗ ಯಾತ್ರಿಕರು ತೆಗೆದ ಚಿತ್ರಗಳು, ಅಗಲಿದ ತ್ಯಾಗಿಗಳ ಮುಖಗಳು, ಜೀರ್ಣೋದ್ಧಾರಕ್ಕೆ ಮುಂಚಿನ ಬಸದಿಗಳ ರೂಪ, ಇವೆಲ್ಲ ಆ ಪದರದಲ್ಲಿಯೇ ಉಳಿದಿವೆ. ದೋಷ ತಿಳಿಯಿತೆಂದು ಅವನ್ನು ಬೆಂಕಿಗೆ ಹಾಕುವುದರಿಂದ ಯಾವ ಪ್ರಾಣಿಯೂ ಮರಳಿ ಬದುಕುವುದಿಲ್ಲ, ಬೆಂಕಿ ಹೊಸ ಹಿಂಸೆಯನ್ನಷ್ಟೇ ಕೂಡಿಸುತ್ತದೆ. ಜೆಲಾಟಿನ್ ತೇವಕ್ಕೆ ಬೂಷ್ಟು ಹಿಡಿಯುವ ವಸ್ತು, ಮತ್ತು ಬೂಷ್ಟೂ ಜೀವವೇ. ಆದುದರಿಂದ ಮಳೆಗಾಲಕ್ಕೆ ಮೊದಲೇ ಅವನ್ನು ಪ್ಲಾಸ್ಟಿಕ್ ಚೀಲಗಳಿಂದ ಬಿಡಿಸಿ, ಆಮ್ಲರಹಿತ ಕಾಗದದ ಲಕೋಟೆಗಳಿಗೆ ಹಾಕಿ, ಊರು, ವರ್ಷ, ಹೆಸರುಗಳನ್ನು ಪೆನ್ಸಿಲಿನಿಂದ ಬರೆದು, ಮಾಳಿಗೆಯ ಕೋಣೆಯಲ್ಲಲ್ಲದೆ ಮನೆಯ ತಂಪಾದ ಒಳಗೋಡೆಯ ಕಪಾಟಿನಲ್ಲಿ ಇಡಬೇಕು. ಚಿತ್ರದಲ್ಲಿರುವವರ ಹೆಸರು ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.